ಸೋಲಿನ ಅಂಕಣದ ಸೊನ್ನೆ ಮತ್ತು ಮರುಪಂದ್ಯದ ಪರೀಕ್ಷೆ

2017ರ ಆಗಸ್ಟ್‌ನಲ್ಲಿ, ಲಾಸ್ ವೇಗಸ್‌ನಲ್ಲಿ, ಫ್ಲಾಯ್ಡ್ ಮೇವೆದರ್ ತನ್ನ 50ನೆಯ ಗೆಲುವನ್ನು ಪಡೆದು, ರಾಕಿ ಮಾರ್ಸಿಯಾನೊ 1955ರಲ್ಲಿ ತಲುಪಿದ್ದ 49–0 (49 ಗೆಲುವು, ಸೊನ್ನೆ ಸೋಲು) ಎಂಬ ಹೆಸರಾಂತ ಅಂಕಿಯನ್ನು ದಾಟಿದ. ಅವನೇ ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಎಂದು ವಾದಿಸುವವರ ಕೈಯಲ್ಲಿ ಅಂದಿನಿಂದ ಇರುವ ಮುಖ್ಯ ಅಸ್ತ್ರ ಈ 50–0. ಆದರೆ ಆ ರಾತ್ರಿ ಅವನೆದುರು ನಿಂತಿದ್ದ ಕಾನರ್ ಮೆಕ್‌ಗ್ರೆಗರ್ ಮಿಶ್ರ ಸಮರಕಲೆಯಲ್ಲಿ ಹೆಸರು ಮಾಡಿದವನು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದು ಅವನ ಮೊಟ್ಟಮೊದಲ ಪಂದ್ಯ. ಆ ಗೆಲುವಿಗೂ 2013ರಲ್ಲಿ ಕ್ಯಾನೆಲೊ ಅಲ್ವಾರೆಸ್ ಎದುರು ದೊರೆತ ಗೆಲುವಿಗೂ ದಾಖಲೆಯಲ್ಲಿ ಒಂದೇ ಬೆಲೆ. ಮೇವೆದರ್ ಮಹಾನ್ ಬಾಕ್ಸರ್ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅವನ ರಕ್ಷಣೆಯ ಚಾತುರ್ಯಕ್ಕೆ ಸಮನಾದುದನ್ನು ತೋರಿಸುವುದೇ ಕಷ್ಟ. ನನ್ನ ತಕರಾರು ಅವನ ಮೇಲಲ್ಲ, ಅಳತೆಗೋಲಿನ ಮೇಲೆ.

ಪಟ್ಟಗಳನ್ನು ಎಣಿಸಿ ಶ್ರೇಷ್ಠತೆಯನ್ನು ನಿರ್ಧರಿಸುವುದು ಇನ್ನೂ ದುರ್ಬಲವಾದ ಮಾರ್ಗ. ಹೆನ್ರಿ ಆರ್ಮ್‌ಸ್ಟ್ರಾಂಗ್ 1938ರಲ್ಲಿ ಮೂರು ವಿಭಾಗಗಳ ಪಟ್ಟವನ್ನು ಏಕಕಾಲದಲ್ಲಿ ಹಿಡಿದಿದ್ದಾಗ ಇದ್ದದ್ದು ಎಂಟು ಪ್ರಮುಖ ತೂಕದ ವಿಭಾಗಗಳು. ಇಂದು 17 ವಿಭಾಗಗಳಿವೆ, ಪ್ರತಿಯೊಂದಕ್ಕೂ ನಾಲ್ಕು ಸಂಸ್ಥೆಗಳು ಬೇರೆ ಬೇರೆ ಪಟ್ಟ ಕಟ್ಟುತ್ತವೆ. ಹಾಗಾಗಿ ವಿಶ್ವ ಚಾಂಪಿಯನ್ ಎಂಬ ಬಿರುದನ್ನು ಕಂಡ ಕೂಡಲೇ ಯಾವ ವಿಭಾಗ, ಯಾವ ಸಂಸ್ಥೆ ಎಂದು ಕೇಳಬೇಕಾಗಿದೆ.

ನಾನು ಹೆಚ್ಚು ನಂಬುವುದು ಮರುಪಂದ್ಯವನ್ನು. ಮೊದಲ ಪಂದ್ಯದಲ್ಲಿ ಅನಿರೀಕ್ಷಿತತೆಗೆ, ಆ ದಿನದ ದೇಹಸ್ಥಿತಿಗೆ, ಒಂದು ಅದೃಷ್ಟದ ಹೊಡೆತಕ್ಕೆ ಅವಕಾಶವಿದೆ. ಎರಡನೆಯ ಸಲ ಎದುರಾಗುವವನಿಗೆ ನಿಮ್ಮ ಪಟ್ಟುಗಳೆಲ್ಲ ಗೊತ್ತು, ನಿಮ್ಮ ಎಡಗೈ ಯಾವಾಗ ಕೆಳಗಿಳಿಯುತ್ತದೆ ಎಂಬುದೂ ಗೊತ್ತು. ಜೋ ಲೂಯಿಸ್‌ಗೆ ಆದದ್ದು ಅಕ್ಷರಶಃ ಇದೇ. ಅವನು ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ಹೊಡೆದ ಮೇಲೆ ಎಡಗೈಯನ್ನು ತಗ್ಗಿಸುತ್ತಾನೆಂಬುದನ್ನು ಕಂಡುಹಿಡಿದ ಮ್ಯಾಕ್ಸ್ ಶ್ಮೆಲಿಂಗ್, 1936ರಲ್ಲಿ ತನ್ನ ಬಲಗೈಯಿಂದ ಅದೇ ತೆರವನ್ನು ಮತ್ತೆ ಮತ್ತೆ ಹುಡುಕಿ 12ನೆಯ ಸುತ್ತಿನಲ್ಲಿ ಅವನನ್ನು ಕೆಡವಿದ. ಮರುವರ್ಷ ಹೆವಿವೇಟ್ ಚಾಂಪಿಯನ್ ಆದ ಲೂಯಿಸ್, ಶ್ಮೆಲಿಂಗ್‌ನನ್ನು ಸೋಲಿಸುವವರೆಗೆ ತನ್ನನ್ನು ಚಾಂಪಿಯನ್ ಎಂದು ಕರೆಯಬೇಡಿ ಎಂದಿದ್ದ. 1938ರಲ್ಲಿ ಆ ಕೆಲಸವನ್ನು ಮುಗಿಸಲು ಅವನಿಗೆ ಬೇಕಾದದ್ದು 124 ಸೆಕೆಂಡುಗಳು.

ಆದರೆ ಈ ಅಳತೆಯಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವವನು ಶುಗರ್ ರೇ ರಾಬಿನ್ಸನ್. ಅವನ ದಾಖಲೆಯಲ್ಲಿ 174 ಗೆಲುವುಗಳಿವೆ, 19 ಸೋಲುಗಳೂ ಇವೆ. ಸೊನ್ನೆಯನ್ನು ಪೂಜಿಸುವವರಿಗೆ ಆ 19 ಎಂಬ ಅಂಕಿ ಕಣ್ಣಿಗೆ ಚುಚ್ಚುತ್ತದೆ. ಆದರೆ ಅವುಗಳಲ್ಲಿ 13 ಸೋಲುಗಳು 1960ರಿಂದ ಈಚೆಗೆ, ಅಂದರೆ ಅವನು 40ರ ಅಂಚಿಗೆ ಬಂದ ಮೇಲೆ, ಹಣದ ತಾಪತ್ರಯಕ್ಕಾಗಿ ರಿಂಗ್ ಬಿಡಲಾಗದೆ ಉಳಿದಿದ್ದ ಕಾಲದವು. 1943ರ ಫೆಬ್ರವರಿಯಲ್ಲಿ ತನಗಿಂತ ಭಾರವಾದ ಜೇಕ್ ಲಮೊಟಾನಿಂದ ಡೆಟ್ರಾಯಿಟ್‌ನಲ್ಲಿ ಮೊದಲ ಸೋಲನ್ನು ಉಂಡ ಅವನು, ಅದೇ ತಿಂಗಳು ಅದೇ ಊರಿನಲ್ಲಿ ಅದೇ ವ್ಯಕ್ತಿಯನ್ನು ಮತ್ತೆ ಎದುರಿಸಿ ಗೆದ್ದ. ಅವರಿಬ್ಬರ ನಡುವಿನ ಒಟ್ಟು ಆರು ಪಂದ್ಯಗಳಲ್ಲಿ ಐದು ರಾಬಿನ್ಸನ್‌ನ ಪಾಲಾದವು. 1951ರ ಫೆಬ್ರವರಿಯಲ್ಲಿ ನಡೆದ ಕೊನೆಯದು ಅವನಿಗೆ ಮಿಡಲ್‌ವೇಟ್ ಪಟ್ಟವನ್ನೂ ತಂದಿತು.

ಅದೇ ವರ್ಷದ ಜುಲೈನಲ್ಲಿ ಲಂಡನ್ನಿನಲ್ಲಿ ರಾಂಡಿ ಟರ್ಪಿನ್ ಅವನನ್ನು 15 ಸುತ್ತುಗಳ ನಂತರ ಅಂಕಗಳಿಂದ ಸೋಲಿಸಿದ. ಅಲ್ಲಿಯವರೆಗಿನ 130ಕ್ಕೂ ಹೆಚ್ಚು ಪಂದ್ಯಗಳಲ್ಲಿ ಲಮೊಟಾನ ಆ ಒಂದನ್ನು ಬಿಟ್ಟರೆ ಸೋಲೇ ಕಾಣದಿದ್ದವನಿಗೆ, ಎರಡು ತಿಂಗಳ ಬಳಿಕ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಮರುಪಂದ್ಯ ಒದಗಿತು. ಹತ್ತನೆಯ ಸುತ್ತಿನಲ್ಲಿ ರಾಬಿನ್ಸನ್‌ನ ಕಣ್ಣಿನ ಮೇಲೆ ಗಾಯ ಬಾಯ್ತೆರೆದು ರಕ್ತ ಸುರಿಯತೊಡಗಿದಾಗ ರೆಫರಿ ಪಂದ್ಯವನ್ನು ನಿಲ್ಲಿಸಿಬಿಡಬಹುದೆಂಬ ಭಯ ಅವನನ್ನು ಕಾಡಿರಬೇಕು. ಆ ಸುತ್ತು ಮುಗಿಯುವ ಮೊದಲೇ ಟರ್ಪಿನ್‌ನನ್ನು ನೆಲಕ್ಕೆ ಕೆಡವಿ, ಎದ್ದವನನ್ನು ಹಗ್ಗಕ್ಕೆ ಒತ್ತಿ ಬಾರಿಸಿ, ರೆಫರಿಯೇ ಟರ್ಪಿನ್‌ನನ್ನು ಕಾಪಾಡಬೇಕಾದ ಸ್ಥಿತಿಯನ್ನು ತಂದಿಟ್ಟ. 1957ರಲ್ಲಿ ಜೀನ್ ಫುಲ್ಮರ್‌ನಿಂದ ಪಟ್ಟ ಕಳೆದುಕೊಂಡು, ನಾಲ್ಕೇ ತಿಂಗಳಲ್ಲಿ ಒಂದೇ ಒಂದು ಎಡಗೈ ಹುಕ್‌ನಿಂದ (ತೋಳು ಬಾಗಿಸಿ ಪಕ್ಕದಿಂದ ಬೀಸುವ ಹೊಡೆತದಿಂದ) ಅದನ್ನು ಮರಳಿ ಪಡೆದ. ಫುಲ್ಮರ್ ಅದಕ್ಕೆ ಮುಂಚೆ ಎಂದೂ ನಾಕೌಟ್ ಆಗಿರಲಿಲ್ಲ. ಕಾರ್ಮೆನ್ ಬಸಿಲಿಯೊನೊಂದಿಗೂ ಹಾಗೆಯೇ: 1957ರಲ್ಲಿ ಸೋಲು, 1958ರಲ್ಲಿ ಗೆಲುವು. 1960ರಲ್ಲಿ ಪಾಲ್ ಪೆಂಡರ್ ಅವನನ್ನು ಎರಡೂ ಸಲ ಸೋಲಿಸಿದ್ದನ್ನು ಇಲ್ಲಿ ಮುಚ್ಚಿಡಬಾರದು. ಆದರೂ ತನ್ನನ್ನು ಸೋಲಿಸಿದ ಎದುರಾಳಿಯ ಬಳಿಗೇ ಹಿಂತಿರುಗಿ ಲೆಕ್ಕ ಚುಕ್ತಾ ಮಾಡಿದ್ದರಲ್ಲಿ ಅವನ ಸಮಕ್ಕೆ ಬರುವವರು ನನಗೆ ಕಾಣುವುದಿಲ್ಲ.

ನಮ್ಮಲ್ಲಿ ಬಾಕ್ಸಿಂಗ್ ಎಂದೊಡನೆ ನೆನಪಾಗುವ ಮೈಕ್ ಟೈಸನ್ ಈ ಪರೀಕ್ಷೆಯಲ್ಲಿ ಬಹಳ ಕೆಳಗಿಳಿಯುತ್ತಾನೆ. 20ನೆಯ ವಯಸ್ಸಿಗೇ ಹೆವಿವೇಟ್ ಪಟ್ಟ ಗೆದ್ದವನು 1996ರಲ್ಲಿ ಇವಾಂಡರ್ ಹೋಲಿಫೀಲ್ಡ್‌ಗೆ ಸೋತು, ಮರುವರ್ಷದ ಮರುಪಂದ್ಯದಲ್ಲಿ ಅವನ ಕಿವಿ ಕಚ್ಚಿ ಅನರ್ಹನಾದ. ಅದೇ ಕಾಲದ ಲೆನಾಕ್ಸ್ ಲೂಯಿಸ್ ಎರಡು ಸಲ ನಾಕೌಟ್ ಆಗಿಯೂ ತನ್ನನ್ನು ಕೆಡವಿದ್ದ ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ. ಅವರಲ್ಲಿ ಒಬ್ಬನಾದ ಆಲಿವರ್ ಮೆಕಾಲ್ ಮರುಪಂದ್ಯದಲ್ಲಿ ರಿಂಗ್‌ನೊಳಗೆ ಅಳುತ್ತಾ ಹೊಡೆದಾಡಲು ಒಲ್ಲದಾದ್ದರಿಂದ ಅದನ್ನು ದೊಡ್ಡ ಸೇಡೆಂದು ಹೇಳಲಾಗದು, ನಿಜ. ಆದರೂ ವೃತ್ತಿಪರನಾಗಿ ಎದುರಿಸಿದ ಪ್ರತಿಯೊಬ್ಬನನ್ನೂ ಒಮ್ಮೆಯಾದರೂ ಸೋಲಿಸಿದ ಹೆವಿವೇಟ್ ಚಾಂಪಿಯನ್ ಎಂದರೆ ಸಣ್ಣ ಮಾತಲ್ಲ. ಟೈಸನ್‌ನ ಹೆಸರನ್ನು ಸಾವಿರ ಜನ ಹೇಳುವಾಗ ಲೆನಾಕ್ಸ್ ಲೂಯಿಸ್‌ನ ಹೆಸರನ್ನು ಹತ್ತು ಜನವೂ ಹೇಳುವುದಿಲ್ಲ ಎಂಬುದು ನನಗೆ ಅನ್ಯಾಯವಾಗಿಯೇ ತೋರುತ್ತದೆ.

ಈ ಅಳತೆಗೋಲಿಗೂ ಮಿತಿಯಿದೆ. 1987ರಲ್ಲಿ ವಿಭಜಿತ ತೀರ್ಪಿನಿಂದ (ಮೂವರು ತೀರ್ಪುಗಾರರಲ್ಲಿ ಒಬ್ಬರು ಒಪ್ಪದ ತೀರ್ಪಿನಿಂದ) ಶುಗರ್ ರೇ ಲೆನಾರ್ಡ್‌ಗೆ ಸೋತ ಮಾರ್ವಿನ್ ಹ್ಯಾಗ್ಲರ್ ಮರುಪಂದ್ಯಕ್ಕಾಗಿ ಕಾದು, ಅದು ದೊರೆಯದೆ ನಿವೃತ್ತನಾದ. ಎದುರಾಳಿ ಒಪ್ಪದಿದ್ದರೆ ಅದು ಇವನ ಕೊರತೆಯಾಗುವುದಿಲ್ಲ. ಮೇವೆದರ್‌ಗೂ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. 2002ರಲ್ಲಿ ಹೋಸೆ ಲೂಯಿಸ್ ಕಾಸ್ಟಿಯೊ ಎದುರಿನ ಅವನ ಜಯವನ್ನು ಅನೇಕರು ಒಪ್ಪದಿದ್ದಾಗ, ಅವನು ಅದೇ ವರ್ಷ ಮರುಪಂದ್ಯ ನೀಡಿ ಗೆದ್ದ. 50–0ಕ್ಕಿಂತ ಆ ಡಿಸೆಂಬರ್‌ನ ಪಂದ್ಯವೇ ಅವನ ಪರವಾಗಿ ಹೆಚ್ಚು ಬಲವಾದ ಸಾಕ್ಷ್ಯವೆಂದು ನನ್ನ ಅಭಿಪ್ರಾಯ. ಫಿಲಿಪ್ಪೀನ್ಸಿನ ಬಾಕ್ಸರ್ ಮ್ಯಾನಿ ಪ್ಯಾಕಿಯಾವೊ ಜೊತೆಗಿನ ಪಂದ್ಯದ ಮಾತುಕತೆ ಮುರಿದುಬಿದ್ದು ಐದು ವರ್ಷ ಕಳೆದ ಮೇಲೆ, 2015ರಲ್ಲಿ ಅದು ನಡೆದದ್ದು ಮಾತ್ರ ಇಬ್ಬರ ಖಾತೆಗೂ ಬರೆದುಕೊಳ್ಳಬೇಕಾದ ನಷ್ಟ.

ಇಂದಿನವರಲ್ಲಿ ಈ ಪರೀಕ್ಷೆಗೆ ಧೈರ್ಯದಿಂದ ಒಡ್ಡಿಕೊಂಡವನು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. ಕ್ರೂಸರ್‌ವೇಟ್‌ನ ನಾಲ್ಕೂ ಪಟ್ಟಗಳನ್ನು ಗೆದ್ದು ಅದರ ಮೇಲಿನ ಹೆವಿವೇಟ್ ವಿಭಾಗಕ್ಕೆ ಬಂದ ಅವನು, ತನಗಿಂತ ಎತ್ತರವೂ ಭಾರವೂ ಆದ ಆಂಥನಿ ಜೋಶುವಾ, ಟೈಸನ್ ಫ್ಯೂರಿ, ಡೇನಿಯಲ್ ಡುಬಾಯ್ ಈ ಮೂವರನ್ನೂ ಎರಡೆರಡು ಸಲ ಸೋಲಿಸಿದ್ದಾನೆ. 2025ರ ಜುಲೈನಲ್ಲಿ ಡುಬಾಯ್‌ನನ್ನು ಎರಡನೆಯ ಸಲ ಕೆಡವಿದಾಗ ಅವನ ದಾಖಲೆ 24–0 ಆಗಿತ್ತು. ಪಂದ್ಯಗಳ ಸಂಖ್ಯೆ ಚಿಕ್ಕದೆಂಬ ಆಕ್ಷೇಪಣೆಯಲ್ಲಿ ಹುರುಳಿದೆ, ಆ ಕಾರಣಕ್ಕೇ ರಾಬಿನ್ಸನ್‌ನ ಪಕ್ಕದಲ್ಲಿ ಅವನನ್ನು ಕೂರಿಸಲಾರೆ. ಆದರೆ ಹೆವಿವೇಟ್ ಪಟ್ಟಿಯಲ್ಲಿ ಅವನನ್ನು ಟೈಸನ್‌ಗಿಂತ ಮೇಲೆ ಬರೆಯಲು ನಾನು ಹಿಂಜರಿಯುವುದಿಲ್ಲ.