ಎಂಟು ದೀಪವೂ ಹತ್ತಿತ್ತು

ಕೇಳುಗರಿಗೆ ನಮಸ್ಕಾರ.

ನಾನು ನೆಟ್‌ವರ್ಕ್ ಕೇಬಲ್ ಎಳೆಯುವವನು. ಕೆಲಸ ಕಲಿತ ಹೊಸತರಲ್ಲಿ ಒಂದು ಶಾಲೆಯ ಕಂಪ್ಯೂಟರ್ ಕೋಣೆಗೆ ವೈರಿಂಗ್ ಮಾಡಿದ್ದೆ. ಕೇಬಲ್ ತುದಿಗಳಿಗೆ ಪ್ಲಗ್ ಒತ್ತಿ, ಒಳಗಿನ ಎಂಟು ತಂತಿಗೂ ಒಂದೊಂದು ದೀಪವಿರುವ ಟೆಸ್ಟರ್ ಹಾಕಿದೆ. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತಿದವು. ದುಡ್ಡು ಇಸಕೊಂಡು ಬಂದೆ. ಮಾರನೇ ದಿನ ಫೋನು: ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ನೆಟ್‌ವರ್ಕ್ ಸ್ವಿಚ್, ಅದರ ಪಕ್ಕದ ಕಂಪ್ಯೂಟರ್ ಚೆನ್ನಾಗಿದೆ, ದೂರದ ಕೋಣೆಯದು ಮಾತ್ರ ತೆವಳುತ್ತಿದೆ.

ಕೇಬಲ್ ಸುಲಿದು ನೋಡಿ. ಒಳಗೆ ನಾಲ್ಕು ಜೋಡಿ ತಂತಿ, ಒಂದೊಂದು ಜೋಡಿಯೂ ದೀಪದ ಬತ್ತಿಯಂತೆ ಹೊಸೆದದ್ದು. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನ್ ತಂತಿಗೆ ಈ ಉಪಾಯದ ಪೇಟೆಂಟ್ ಪಡೆದಿದ್ದ. ಜೋಡಿಯ ಎರಡು ತಂತಿಗಳಲ್ಲಿ ಸಂಕೇತ ಒಂದಕ್ಕೊಂದು ಉಲ್ಟಾ ಹರಿಯುತ್ತದೆ. ಹೊರಗಿನ ಗದ್ದಲ, ಅಂದರೆ ಪಕ್ಕದ ಕರೆಂಟ್ ವೈರು, ಟ್ಯೂಬ್‌ಲೈಟಿನ ಚೋಕು, ಹೊಸೆದ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಗಲುತ್ತದೆ. ಆ ತುದಿಯ ಯಂತ್ರ ಎರಡರ ವ್ಯತ್ಯಾಸ ಮಾತ್ರ ಓದುವುದರಿಂದ ಗದ್ದಲ ವಜಾ ಆಗುತ್ತದೆ. ನಾಲ್ಕು ಜೋಡಿಗಳ ಹುರಿಯೂ ಒಂದೇ ಅಳತೆಯದಲ್ಲ. ಒಂದರ ಮಾತು ಇನ್ನೊಂದಕ್ಕೆ ಕೇಳಿಸದಿರಲಿ ಅಂತ ಬೇರೆ ಬೇರೆ ಬಿಗಿ.

ಈಗ ನನ್ನ ತಪ್ಪಿಗೆ ಬರೋಣ. ಕಿತ್ತಳೆ, ಹಸಿರು, ನೀಲಿ, ಕಂದು ಅಂತ ಜೋಡಿಯ ಪಕ್ಕ ಜೋಡಿ ಇಟ್ಟು, ಪ್ಲಗ್‌ನ ಎಂಟು ಜಾಗಕ್ಕೆ ಎರಡೂ ತುದಿ ಒತ್ತಿದ್ದೆ. ನೋಡೋಕೆ ಅಂದವಾಗಿತ್ತು! ಆದರೆ ಈಥರ್‌ನೆಟ್, ಅಂದರೆ ಈ ಕೇಬಲ್ ಮೇಲೆ ಕಂಪ್ಯೂಟರ್‌ಗಳು ಮಾತಾಡುವ ಪದ್ಧತಿ, ಒಂದು–ಎರಡನೇ ಜಾಗವನ್ನು ಒಂದು ಜೋಡಿ ಅನ್ನುತ್ತದೆ, ಮೂರು–ಆರನ್ನು ಇನ್ನೊಂದು ಜೋಡಿ ಅನ್ನುತ್ತದೆ. ನನ್ನ ಮೂರನೆಯದು ಹಸಿರಿನ ಜೊತೆಗಾರ, ಆರನೆಯದು ನೀಲಿ. ಹೊಸೆದದ್ದು ಒಂದರ ಜೊತೆ, ಸಂಸಾರ ಇನ್ನೊಂದರ ಜೊತೆ. ಅಗ್ಗದ ಟೆಸ್ಟರ್‌ಗೆ ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದರೆ ಸಾಕು, ಯಾರ ಜೊತೆ ಯಾರು ಹೊಸೆದಿದ್ದಾರೆ ಅಂತ ಅದು ಕೇಳುವುದಿಲ್ಲ. ಗಿಡ್ಡ ಕೇಬಲ್ ಹೇಗೋ ಬಚಾವಾಗುತ್ತದೆ, ಉದ್ದದ್ದು ಸಿಕ್ಕಿಬೀಳುತ್ತದೆ.

ಸರಿಯಾದ ಸಾಲನ್ನು ನಾವು ಮಗ್ಗಿಯ ಹಾಗೆ ಹೇಳುತ್ತೇವೆ, ವೈಟ್ ಅಂದರೆ ಆ ಬಣ್ಣದ ಜೊತೆಗಾರ ಬಿಳಿ ತಂತಿ: ವೈಟ್ ಆರೆಂಜ್, ಆರೆಂಜ್, ವೈಟ್ ಗ್ರೀನ್, ಬ್ಲೂ, ವೈಟ್ ಬ್ಲೂ, ಗ್ರೀನ್, ವೈಟ್ ಬ್ರೌನ್, ಬ್ರೌನ್. ಹಸಿರಿನ ಹೊಟ್ಟೆಯಲ್ಲಿ ನೀಲಿ ಕೂತದ್ದಕ್ಕೆ ಕಾರಣ ಟೆಲಿಫೋನು. ನಡುವಿನ ನಾಲ್ಕು–ಐದು ಅದರ ಮೊದಲ ಲೈನಿನ ಜಾಗ, ಎರಡನೇ ಲೈನು ಅದರ ಆಚೀಚೆ. ಇದು ಬಿ ಕ್ರಮ. ಕಿತ್ತಳೆ, ಹಸಿರು ಅದಲುಬದಲಾದರೆ ಎ ಕ್ರಮ. ಯಾವುದಾದರೂ ಆಗಲಿ, ಎರಡೂ ತುದಿಗೆ ಒಂದೇ ಇರಬೇಕು.

ಇನ್ನೊಂದು ಮಾತು. ಪ್ಲಗ್‌ನ ಹತ್ತಿರ ಹುರಿ ಬಿಚ್ಚುವುದು 13 ಮಿಲಿಮೀಟರ್ ಒಳಗಿರಲಿ. ಅವಸರದಲ್ಲಿ ಎರಡಿಂಚು ಬಿಚ್ಚಿ ಬಿಡುವವರೇ ಹೆಚ್ಚು. ಕೇಬಲಿನ ಹೊರಸಿಪ್ಪೆ ಪ್ಲಗ್‌ನ ಕಚ್ಚಿನೊಳಗೆ ಹೋಗಲೇಬೇಕು, ಇಲ್ಲದಿದ್ದರೆ ಎಳೆತವೆಲ್ಲ ಕೂದಲೆಳೆಯಂಥ ತಂತಿಗಳ ಮೇಲೆ. ಒಟ್ಟು ಉದ್ದ 100 ಮೀಟರ್ ದಾಟಬಾರದು. ಕೊಳ್ಳುವಾಗ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ತಾಮ್ರದಡಿ ಬೆಳ್ಳಗೆ ಮಿನುಗಿದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ. ಅಂಗಡಿಯಲ್ಲೇ ಬಿಟ್ಟು ಬನ್ನಿ.

ಶಾಲೆಯ ಆ ಕೇಬಲ್‌ಗಳ ತುದಿಗಳನ್ನೆಲ್ಲ ಕತ್ತರಿಸಿ ಮತ್ತೆ ಒತ್ತಿದೆ, ಕೂಲಿ ಕೇಳಲಿಲ್ಲ. ಕತ್ತರಿಸಿದ ಒಂದು ಪ್ಲಗ್ ಇನ್ನೂ ನನ್ನ ಡಬ್ಬಿಯಲ್ಲಿದೆ. ಕೆಲಸ ಕೇಳಿಕೊಂಡು ಹುಡುಗರು ಬಂದರೆ ಅದನ್ನು ಕೈಗೆ ಕೊಟ್ಟು, ತಪ್ಪೆಲ್ಲಿದೆ ಹೇಳಪ್ಪಾ ಅನ್ನುತ್ತೇನೆ. ಟೆಸ್ಟರ್ ಮಾತ್ರ ಕೊಡುವುದಿಲ್ಲ.

ನಮಸ್ಕಾರ.