45366 ಎಂದರೆ ಯಾವ ತಾರೀಖು?

[ಪರದೆ: ಕ್ಯೂಜಿಐಎಸ್ ನಕ್ಷೆ. ಪ್ರತಿ ಚುಕ್ಕಿಯ ಪಕ್ಕದಲ್ಲೂ ಐದಂಕಿಯ ಸಂಖ್ಯೆ.]

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: "ಸಾರ್, ಕೊಳವೆಬಾವಿಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಸಿಎಸ್‌ವಿ ಎಂಬ ಸರಳ ಪಠ್ಯ ಕಡತ ಮಾಡಿ, ನಕ್ಷೆ ಬಿಡಿಸುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ತಂದೆ. ಕೊರೆದ ದಿನಾಂಕ ಇರಬೇಕಾದ ಕಡೆ 45366 ಎಂದು ಬರುತ್ತಿದೆ. ಮಾಹಿತಿ ಕೆಟ್ಟುಹೋಯಿತೇ?"

ಕೆಟ್ಟಿಲ್ಲ. ಅದು 2024ರ ಮಾರ್ಚ್ 15. ಎಕ್ಸೆಲ್ ತಾರೀಖನ್ನು ತಾರೀಖಾಗಿ ಇಟ್ಟುಕೊಳ್ಳುವುದೇ ಇಲ್ಲ, ದಿನಗಳನ್ನು ಎಣಿಸುತ್ತದೆ. 1900ರ ಜನವರಿ 1 ಎಂದರೆ 1. ದಶಮಾಂಶವಿದ್ದರೆ ಅದು ಹೊತ್ತು; .5 ಎಂದರೆ ನಡುಮಧ್ಯಾಹ್ನ. ಕನ್ನಡ ನಾಡು ಒಂದಾದ 1956ರ ನವೆಂಬರ್ 1 ಎಕ್ಸೆಲ್ ಪಾಲಿಗೆ ಬರೀ 20760. ಕಾಲಂ 'ಜನರಲ್' ಫಾರ್ಮ್ಯಾಟ್‌ನಲ್ಲಿದ್ದಾಗ ಸಿಎಸ್‌ವಿ ಮಾಡಿದರೆ ಈ ಎಣಿಕೆಯೇ ಹೊರಬರುತ್ತದೆ.

ಹಾಗಾದರೆ ಲೆಕ್ಕ ಸುಲಭ. ಒಂದನೆಯ ದಿನದ ಹಿಂದಿನ ದಿನ, ಅಂದರೆ 1899ರ ಡಿಸೆಂಬರ್ 31ಕ್ಕೆ 45366 ದಿನ ಕೂಡಿ. ಬಂದದ್ದು ಮಾರ್ಚ್ 16! ಒಂದು ದಿನ ಹೆಚ್ಚು. ಈ ಒಂದು ದಿನ ಎಲ್ಲಿಂದ ನುಸುಳಿತು? ನನಗೆ ಇಡೀ ವಿಷಯದಲ್ಲಿ ರುಚಿಸಿದ್ದು ಇದೇ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

[ಪರದೆ: ಎಕ್ಸೆಲ್. ಖಾಲಿ ಕೋಶದಲ್ಲಿ 60. ತಾರೀಖಿನ ಫಾರ್ಮ್ಯಾಟ್ ಕೊಟ್ಟಾಗ: 29 ಫೆಬ್ರವರಿ 1900.]

ನೋಡಿ, 60ಕ್ಕೆ ಎಕ್ಸೆಲ್ ಕೊಡುವ ಉತ್ತರ 1900ರ ಫೆಬ್ರವರಿ 29. ಆ ದಿನ ಯಾವ ಪಂಚಾಂಗದವರಿಗೂ ಸಿಗುವುದಿಲ್ಲ! ನೂರರಿಂದ ಭಾಗವಾಗುವ ವರ್ಷ ಅಧಿಕ ವರ್ಷವಾಗಬೇಕಾದರೆ ನಾನೂರರಿಂದಲೂ ಭಾಗವಾಗಬೇಕು. 2000 ಆಯಿತು, 1900 ಆಗಲಿಲ್ಲ. ಆದರೆ 1983ರಲ್ಲಿ ಬಂದ ಲೋಟಸ್ 1-2-3 ಎಂಬ ಸ್ಪ್ರೆಡ್‌ಶೀಟ್ 1900ನ್ನೂ ಅಧಿಕ ವರ್ಷವೆಂದೇ ಲೆಕ್ಕ ಹಾಕಿತು. ಆಗ ಮಾರುಕಟ್ಟೆಯ ದೊರೆ ಅದೇ. ಅದರ ಕಡತಗಳು ತನ್ನಲ್ಲೂ ಸರಿಯಾಗಿ ತೆರೆಯಬೇಕೆಂದು ಮೈಕ್ರೋಸಾಫ್ಟ್ ಆ ತಪ್ಪನ್ನು ಗೊತ್ತಿದ್ದೇ ಎಕ್ಸೆಲ್‌ಗೆ ತಂದಿತು. ಲೋಟಸ್ ಹೋಯಿತು, ತಪ್ಪು ಉಳಿಯಿತು. ಇದರಿಂದಾಗಿ ಸೋಮವಾರವಾಗಿದ್ದ 1900ರ ಜನವರಿ 1 ಎಕ್ಸೆಲ್‌ನಲ್ಲಿ ಇಂದಿಗೂ ಭಾನುವಾರ. ಕೆಲಸಕ್ಕೆ ಹೋಗುವವರಿಗೆ ಒಂದು ರಜೆ ಲಾಭ.

ಒಂದು ರಸ್ತೆಯಲ್ಲಿ 59 ಮತ್ತು 61ನೇ ಕಿಲೋಮೀಟರ್ ಕಲ್ಲುಗಳ ನಡುವಿನ 60ನೇ ಕಲ್ಲು ಲೆಕ್ಕದಲ್ಲಿದೆ, ನೆಲದಲ್ಲಿಲ್ಲ ಎಂದುಕೊಳ್ಳಿ. ಮುಂದಿನ ಕಲ್ಲುಗಳ ಮೇಲಿನ ಅಂಕಿ ಅಳಿಸುವ ಹಾಗಿಲ್ಲ, ಊರೂರಿನ ವಿಳಾಸ ಅವುಗಳ ಮೇಲೆ ನಿಂತಿದೆ. ಇರುವ ಉಪಾಯ ಒಂದೇ: ರಸ್ತೆ ಹೊರಡುವ ಜಾಗವನ್ನೇ ಒಂದು ಕಿಲೋಮೀಟರ್ ಹಿಂದಕ್ಕೆ ಸರಿಸುವುದು. ಎಲ್ಲರೂ ಸೂತ್ರದಲ್ಲಿ 1899ರ ಡಿಸೆಂಬರ್ 31ರ ಬದಲು ಡಿಸೆಂಬರ್ 30 ಬಳಸುವುದು ಇದಕ್ಕೇ. 1900ರ ಮಾರ್ಚ್ 1ರಿಂದ ಈಚೆಗೆ ಲೆಕ್ಕ ಸರಿ. ಅದಕ್ಕೂ ಹಿಂದಿನ ಕೊಳವೆಬಾವಿ ನಿಮ್ಮ ಪಟ್ಟಿಯಲ್ಲಿದ್ದರೆ ದಯವಿಟ್ಟು ನನಗೆ ತೋರಿಸಿ.

[ಪರದೆ: ಲೇಬಲ್‌ನ ಎಕ್ಸ್‌ಪ್ರೆಶನ್ ಕಿಟಕಿ, ಪೂರ್ತಿ ಸೂತ್ರ.]

ಈಗ ಕೆಲಸ. ಚುಕ್ಕಿಯ ಪಕ್ಕದ ಬರಹ, ಅಂದರೆ ಲೇಬಲ್‌ಗೆ ಕ್ಯೂಜಿಐಎಸ್‌ನಲ್ಲಿ ಸೂತ್ರ ಬರೆಯೋಣ. ಮೇಕ್ ಡೇಟ್‌ಗೆ (make_date) 1899, 12, 30 ಕೊಡಿ. ಮೇಕ್ ಇಂಟರ್ವಲ್‌ನ (make_interval) ಡೇಸ್ (days) ಜಾಗದಲ್ಲಿ ನಿಮ್ಮ ಕಾಲಂ ಇಟ್ಟು ಅದಕ್ಕೆ ಕೂಡಿ. ಎಲ್ಲವನ್ನೂ ಫಾರ್ಮ್ಯಾಟ್ ಡೇಟ್ (format_date) ಒಳಗೆ ಹಾಕಿ, ದಿನ, ತಿಂಗಳು, ವರ್ಷದ ಕ್ರಮ ಬರೆಯಿರಿ. ತಿಂಗಳಿಗೆ ದೊಡ್ಡ ಎಂ. ಚಿಕ್ಕ ಎಂ ಹಾಕಿದರೆ ನಿಮಿಷ ಬರುತ್ತದೆ.

ಸಮಯ ಮುಗಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಕಾಲಂ ಪಠ್ಯವಾಗಿ ಬಂದಿದ್ದರೆ ಮೊದಲು ಟು ರಿಯಲ್‌ನಿಂದ (to_real) ಸಂಖ್ಯೆ ಮಾಡಿಕೊಳ್ಳಿ. ಇನ್ನೊಂದು ನಕ್ಷೆ ತಂತ್ರಾಂಶವಾದ ಆರ್ಕ್‌ಜಿಐಎಸ್‌ನ ಸೂತ್ರ ಭಾಷೆ ಆರ್ಕೇಡ್‌ನಲ್ಲಿ ತಿಂಗಳು ಸೊನ್ನೆಯಿಂದ ಶುರು, ಹಾಗಾಗಿ ಡಿಸೆಂಬರ್‌ಗೆ 11 ಬರೆಯಬೇಕು. ಹಳೆಯ ಮ್ಯಾಕ್‌ನ ಕಡತಗಳು 1904ರಿಂದ ಎಣಿಸಿರಬಹುದು. ತಾರೀಖು ನಾಲ್ಕು ವರ್ಷ ಹಿಂದೆ ಬಿದ್ದರೆ ಸಂಖ್ಯೆಗೆ 1462 ಕೂಡಿ. ಇನ್ನು, ಮೂಲ ಸಂಖ್ಯೆಯ ಕಾಲಂ ಅಳಿಸಬೇಡಿ. ದಿನವೇ ಮೊದಲಿರುವುದರಿಂದ, ಪಠ್ಯವಾದ ತಾರೀಖುಗಳನ್ನು ವಿಂಗಡಿಸಿದರೆ 2023ರ ಡಿಸೆಂಬರ್ 31ಕ್ಕಿಂತ 2024ರ ಜನವರಿ 2 ಮೊದಲು ಬಂದು ಕೂರುತ್ತದೆ. ಲೇಬಲ್‌ಗೆ ಪಠ್ಯ ಬಳಸಿ, ವಿಂಗಡಣೆಗೆ ಸಂಖ್ಯೆಯನ್ನೇ ಇಟ್ಟುಕೊಳ್ಳಿ.