ದಾರಿಹೋಕನ ನೀರು

ಕೇಳುಗರಿಗೆ ನಮಸ್ಕಾರ.

ಬಿಸಿಲು ಏರತೊಡಗಿದಂತೆ ನಮ್ಮ ಊರುಗಳ ಸಂತೆಮಾಳದಲ್ಲಿ, ಬಸ್ ನಿಲ್ದಾಣದ ಬದಿಯಲ್ಲಿ ತೆಂಗಿನ ಗರಿಯ ಚಪ್ಪರವೊಂದು ಏಳುತ್ತದೆ. ಅದರ ಅಡಿಯಲ್ಲಿ ಹಸಿ ಮರಳಿನ ಮೇಲೆ ಕೂರಿಸಿದ ಗುಡಾಣಗಳು, ಅವುಗಳ ಮೈಗೆ ಸುತ್ತಿದ ಒದ್ದೆ ಬಟ್ಟೆ, ಬಾಯಿಗೆ ಮುಚ್ಚಿದ ತಟ್ಟೆಯ ಮೇಲೊಂದು ಲೋಟ. ಇದನ್ನು ನಾವು ಅರವಟ್ಟಿಗೆ ಎನ್ನುತ್ತೇವೆ. ಈ ಪದದ ಮೊದಲಲ್ಲಿರುವ ‘ಅರ’ಕ್ಕೆ ಹಳಗನ್ನಡದಲ್ಲಿ ಧರ್ಮ ಎಂಬ ಅರ್ಥವಿದೆ. ಕೆರೆ, ಬಾವಿ, ಛತ್ರಗಳ ಜೊತೆಗೆ ಅರವಟ್ಟಿಗೆಗೂ ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಬರುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಿಸಿಲಿನಿಂದ ಬಂದವರ ಕೈಗೆ ಮೊದಲು ಬೆಲ್ಲದ ಚೂರು ಮತ್ತು ನೀರು ಬರುತ್ತದೆ. ಯಾವೂರು, ಏನು ಕೆಲಸ ಎಂಬ ವಿಚಾರಣೆ ಆಮೇಲಿನದು. ಈ ಹಿಂದುಮುಂದಿನ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈಜಿಪ್ಟಿನ ಕೈರೋ ನಗರದಲ್ಲಿ ಅಬ್ದುಲ್ ರಹಮಾನ್ ಕತ್ಖುದಾ ಎಂಬ ಅಧಿಕಾರಿ 1744ರಲ್ಲಿ ಕಟ್ಟಿಸಿದ ಸಬೀಲ್, ಅಂದರೆ ಅಲ್ಲಿನ ಅರವಟ್ಟಿಗೆ, ಇಂದಿಗೂ ಬೀದಿಗಳು ಕವಲೊಡೆಯುವ ಜಾಗದಲ್ಲಿ ನಿಂತಿದೆ. ಇಂಥ ಕಟ್ಟಡಗಳ ನೆಲದಡಿಯ ತೊಟ್ಟಿಗೆ ಒಂಟೆಗಳ ಮೇಲೆ ನೈಲ್ ನದಿಯ ನೀರು ಬರುತ್ತಿತ್ತು, ಕಿಟಕಿಯ ಜಾಲರಿಯೊಳಗಿಂದ ದಾರಿಹೋಕರಿಗೆ ಬಟ್ಟಲು ಸಿಗುತ್ತಿತ್ತು, ಮೇಲಂತಸ್ತಿನಲ್ಲಿ ಮಕ್ಕಳು ಪಾಠ ಕಲಿಯುತ್ತಿದ್ದರು. ಅರಬ್ಬಿಯಲ್ಲಿ ‘ಸಬೀಲ್’ ಎಂದರೆ ದಾರಿ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಇಮಾಮ್ ಹುಸೇನರ ಬಳಗಕ್ಕೆ ಯೂಫ್ರೆಟಿಸ್ ನದಿಯ ನೀರನ್ನು ತಡೆದ ನೋವಿನ ನೆನಪಿಗಾಗಿ ಮೊಹರಂ ದಿನಗಳಲ್ಲಿ ಹಂಚುವ ಶರಬತ್ತನ್ನು ನಮ್ಮ ಊರುಗಳಲ್ಲಿಯೂ ಎಷ್ಟೋ ಮಂದಿ ಕುಡಿದಿದ್ದೇವೆ; ರಾಮನವಮಿಯ ಪಾನಕಕ್ಕೂ ಅದೇ ಬೀದಿ, ಅದೇ ಬಾಯಾರಿಕೆ.

ಪ್ಯಾರಿಸ್ಸಿನಲ್ಲಿ ಜರ್ಮನ್ ಸೇನೆಯ 1870ರ ಮುತ್ತಿಗೆಯ ಬಳಿಕ ಬಡವರಿಗೆ ಶುದ್ಧ ನೀರು ದುಬಾರಿಯಾದಾಗ ರಿಚರ್ಡ್ ವಾಲೇಸ್ ಎಂಬ ಆಂಗ್ಲ ದಾನಿ ತನ್ನ ಹಣದಿಂದ ಕುಡಿಯುವ ನೀರಿನ ಕಾರಂಜಿಗಳನ್ನು ಮಾಡಿಸಿದನು. 1872ರಿಂದ ಬೀದಿಗೆ ಬಂದ ಅವುಗಳಿಗೆ ಸರಪಳಿ ಕಟ್ಟಿದ ಲೋಹದ ಬಟ್ಟಲುಗಳಿದ್ದವು. ನಮ್ಮ ಹಳೆಯ ಕಚೇರಿಗಳ ಮಡಕೆಯ ಪಕ್ಕದಲ್ಲಿ ಸರಪಳಿಯ ಲೋಟ ಕಂಡವರಿಗೆ ಇದು ಪರದೇಶದ ಮಾತೆನಿಸದು.

ಆದರೆ ಇದೇ ನೆಲದಲ್ಲಿ ನೀರಿನ ಮುಂದೆ ಜಾತಿ ಕೇಳಿದ್ದೇವೆ ಎಂಬುದನ್ನು ಮುಚ್ಚಿಟ್ಟು ಅರವಟ್ಟಿಗೆಯನ್ನು ಹೊಗಳಲು ನನಗೆ ಮನಸ್ಸು ಬಾರದು. ಬಾಯಾರಿದವರನ್ನು ದೂರ ನಿಲ್ಲಿಸಿ, ಬೊಗಸೆಗೆ ಮೇಲಿನಿಂದ ನೀರು ಹೊಯ್ದ ಕೈಗಳೂ ನಮ್ಮವೇ. ಮಹಾರಾಷ್ಟ್ರದ ಮಹಾಡದಲ್ಲಿ ಚವದಾರ್ ಕೆರೆ ಎಲ್ಲರಿಗೂ ಮುಕ್ತವೆಂದು ಪುರಸಭೆಯೇ ನಿರ್ಣಯಿಸಿದ್ದರೂ ದಲಿತರು ಅದರ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ಕೆರೆಯ ನೀರು ಕುಡಿದರು. ಸವರ್ಣೀಯರು ಅವರ ಜನರ ಮೇಲೆ ಹಲ್ಲೆ ನಡೆಸಿ, ಬಳಿಕ ಕೆರೆಯನ್ನು ‘ಶುದ್ಧಿ’ ಮಾಡಿಸಿದರು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಅಂದು ಕುಡಿದ ಆ ಒಂದು ಬೊಗಸೆ ನೀರಿನ ಹಕ್ಕನ್ನು ಮುಂಬಯಿ ಹೈಕೋರ್ಟು ಎತ್ತಿಹಿಡಿದದ್ದು 1937ರಲ್ಲಿ, ಹತ್ತು ಬೇಸಿಗೆಗಳು ಕಳೆದ ಮೇಲೆ.